ಚಳಿಗೆ ಇಡ್ಲಿ ಹಿಟ್ಟು ಉಬ್ಬುತ್ತಿಲ್ಲ, ಸೋಡಾ ಹಾಕಬಹುದೇ?

ಪ್ರಶ್ನೆ: ನಾನು ಉಡುಪಿ ಕಡೆಯವಳು. ಮದುವೆಯಾಗಿ ಬೆಂಗಳೂರಿಗೆ ಬಂದು ಒಂದೂವರೆ ವರ್ಷವಾಯಿತು. ಊರಲ್ಲಿ ಅಮ್ಮ ರಾತ್ರಿ ಒಂಬತ್ತಕ್ಕೆ ಹಿಟ್ಟು ಕಡೆದಿಟ್ಟರೆ ಬೆಳಿಗ್ಗೆ ಪಾತ್ರೆ ತುಂಬಿ ಉಕ್ಕಿರುತ್ತಿತ್ತು. ಇಲ್ಲೂ ಅದೇ ಅಳತೆ, ಒಂದು ಲೋಟ ಉದ್ದಿಗೆ ಎರಡು ಲೋಟ ಇಡ್ಲಿ ರವೆ. ಆದರೂ ಡಿಸೆಂಬರ್, ಜನವರಿಯಲ್ಲಿ ಹಿಟ್ಟು ಇಟ್ಟ ಹಾಗೇ ಇರುತ್ತದೆ. ಕಂಬಳಿ ಸುತ್ತಿ ನೋಡಿದೆ. ಅಯೋಡಿನ್ ಉಪ್ಪಿನಿಂದ ಹುಳಿ ಬರುವುದಿಲ್ಲ ಅಂತ ಯಾರೋ ಹೇಳಿದ್ದಕ್ಕೆ ಕಲ್ಲುಪ್ಪು ತಂದೆ. ಹಿಟ್ಟು ಬಿಸಿಯಾಗಬಾರದೆಂದು ಮಿಕ್ಸಿಗೆ ಐಸ್ ನೀರು ಹಾಕಿಯೇ ರುಬ್ಬುತ್ತೇನೆ. ‘ಅದಕ್ಕೆಲ್ಲ ಕೈಗುಣ ಬೇಕಮ್ಮಾ’ ಅನ್ನುತ್ತಾರೆ ಅತ್ತೆ, ತಮಾಷೆಗೇ ಇರಬಹುದು. ಈಗ ಬೆಳಿಗ್ಗೆ ಒಂದು ಚಮಚ ಅಡುಗೆ ಸೋಡಾ ಹಾಕಿ ಬೇಯಿಸುತ್ತಿದ್ದೇನೆ. ಇಡ್ಲಿ ಉಬ್ಬುತ್ತದೆ, ಆದರೆ ಹಳದಿ ಬಣ್ಣ, ಸೋಪಿನಂಥ ರುಚಿ. ಮಾವನಿಗೆ ಬಿಪಿ ಇದೆ, ಸೋಡಾ ಅವರಿಗೆ ಆಗುತ್ತದೋ ಇಲ್ಲವೋ ಎಂಬ ಭಯ. ಇನ್ನೊಂದು ವಿಷಯ: ಬೇಸಿಗೆಯಲ್ಲಿ ಹಿಟ್ಟು ಚೆನ್ನಾಗಿ ಉಬ್ಬಿದರೂ ಕೆಲವು ಸಲ ಇಡ್ಲಿ ಗಟ್ಟಿಯಾಗುತ್ತದೆ. ಅದೇಕೆ? ಉಳಿದ ಹಿಟ್ಟನ್ನು ಫ್ರಿಜ್ಜಿನಲ್ಲಿ ಎಷ್ಟು ದಿನ ಇಡಬಹುದು?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಸಮಸ್ಯೆಗಳು ಒಟ್ಟಿಗೆ ಸೇರಿಕೊಂಡಿವೆ. ಚಳಿಯಲ್ಲಿ ಹಿಟ್ಟು ಉಬ್ಬುವುದಿಲ್ಲ ಎನ್ನುವುದು ಒಂದು. ಉಬ್ಬಿದ ಹಿಟ್ಟಿನಿಂದಲೂ ಇಡ್ಲಿ ಗಟ್ಟಿಯಾಗುತ್ತದೆ ಎನ್ನುವುದು ಇನ್ನೊಂದು. ಎರಡಕ್ಕೂ ಕಾರಣ ಬೇರೆ, ಮದ್ದೂ ಬೇರೆ. ಆಹಾರ ತಂತ್ರಜ್ಞಾನ ಓದಿ ಹೋಟೆಲ್ ಅಡುಗೆಮನೆಗಳಿಗೆ ಸಲಹೆ ಕೊಡುವುದು ನನ್ನ ಕಸುಬು. ಡಿಸೆಂಬರ್ ಬಂತೆಂದರೆ ಜೀವಮಾನವೆಲ್ಲ ಇಡ್ಲಿ ಬೇಯಿಸಿದ ಭಟ್ಟರೂ ಫೋನು ಮಾಡಿ ಇದೇ ದೂರು ಹೇಳುತ್ತಾರೆ. ನಿಮ್ಮ ಅಳತೆಯಲ್ಲಿ ತಪ್ಪಿಲ್ಲ, ಕೈಯಲ್ಲಂತೂ ಇಲ್ಲವೇ ಇಲ್ಲ.

ಹಿಟ್ಟು ಉಬ್ಬುವುದು ಹೇಗೆಂದು ಮೊದಲು ನೋಡೋಣ. ಇಡ್ಲಿ ಹಿಟ್ಟಿಗೆ ನಾವು ಹೆಪ್ಪು ಹಾಕುವುದಿಲ್ಲ, ಯೀಸ್ಟ್ ಹಾಕುವುದಿಲ್ಲ. ಹುದುಗು ಬರಿಸುವ ಬ್ಯಾಕ್ಟೀರಿಯಾಗಳು ಬಹುಪಾಲು ಉದ್ದಿನ ಬೇಳೆಯ ಜೊತೆಯಲ್ಲೇ ಬಂದಿರುತ್ತವೆ. ಬೇಳೆ ನೆನೆಯುವಾಗಲೇ ಅವು ಎಚ್ಚೆತ್ತು, ರುಬ್ಬಿದ ಮೇಲೆ ಹಿಟ್ಟಿನಲ್ಲಿ ಬೆಳೆಯುತ್ತವೆ. ಅವುಗಳಲ್ಲಿ ಮುಖ್ಯವಾದದ್ದು ಲ್ಯುಕೊನಾಸ್ಟಾಕ್ ಎಂಬ ಜಾತಿ. ಅದು ಹಿಟ್ಟಿನ ಸಕ್ಕರೆ ಅಂಶ ತಿಂದು ಲ್ಯಾಕ್ಟಿಕ್ ಆಮ್ಲವನ್ನೂ ಇಂಗಾಲದ ಡೈಆಕ್ಸೈಡ್ ಅನಿಲವನ್ನೂ ಬಿಡುತ್ತದೆ. ಆಮ್ಲದಿಂದ ಹುಳಿ, ಅನಿಲದಿಂದ ಉಬ್ಬು.

ಆದರೆ ಅನಿಲ ಹುಟ್ಟಿದರಷ್ಟೇ ಸಾಲದು, ಹಿಟ್ಟಿನೊಳಗೆ ನಿಲ್ಲಬೇಕು. ಬರೀ ಅಕ್ಕಿ ಹಿಟ್ಟಿನಲ್ಲಿ ಗುಳ್ಳೆ ಮೇಲೆ ಬಂದು ಒಡೆದು ಹೋಗುತ್ತದೆ. ಉದ್ದಿನಲ್ಲಿರುವ ಪ್ರೋಟೀನು ನೊರೆ ಕಟ್ಟುತ್ತದೆ, ಅದರ ಲೋಳೆ ಆ ನೊರೆ ಒಡೆಯದಂತೆ ಹಿಡಿದಿಡುತ್ತದೆ. ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐ ವಿಜ್ಞಾನಿಗಳು 1970ರ ದಶಕದಲ್ಲೇ ಇದನ್ನು ಬಿಡಿಸಿ ತೋರಿಸಿದರು. ಹೆಸರುಬೇಳೆ, ಕಡಲೆಬೇಳೆ ಹಾಕಿ ಮಾಡಿದ ಇಡ್ಲಿಗೆ ಉದ್ದಿನ ಇಡ್ಲಿಯ ಮೆದು ಬಾರದಿರುವುದು ಇದಕ್ಕೇ. ಅರ್ಧ ಚಮಚ ಮೆಂತ್ಯ ಹಾಕುವುದೂ ಬರೀ ಪರಿಮಳಕ್ಕಲ್ಲ, ಅದರ ಲೋಳೆಯೂ ಗುಳ್ಳೆ ಹಿಡಿಯಲು ನೆರವಾಗುತ್ತದೆ.

ಇನ್ನು ಉಡುಪಿ–ಬೆಂಗಳೂರಿನ ವ್ಯತ್ಯಾಸ. ಈ ಬ್ಯಾಕ್ಟೀರಿಯಾಗಳಿಗೆ ಹಿತವಾದ ಶಾಖ 30 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು. ಕರಾವಳಿಯಲ್ಲಿ ಜನವರಿಯ ನಡುರಾತ್ರಿಯೂ ಸಾಮಾನ್ಯವಾಗಿ 20 ಡಿಗ್ರಿಯ ಕೆಳಗೆ ಇಳಿಯುವುದಿಲ್ಲ, ಅಡುಗೆಮನೆಯೊಳಗೆ ಇನ್ನೂ ಬೆಚ್ಚಗಿರುತ್ತದೆ. ಬೆಂಗಳೂರಿನಲ್ಲಿ ಅದೇ ಹೊತ್ತಿಗೆ ಹೊರಗೆ 15–16 ಡಿಗ್ರಿ. ಒಳಗೆ ಸ್ವಲ್ಪ ಹೆಚ್ಚಿದ್ದರೂ ಗ್ರಾನೈಟ್ ಕಟ್ಟೆಯ ಮೇಲಿಟ್ಟ ಸ್ಟೀಲ್ ಪಾತ್ರೆ ರಾತ್ರಿಯಿಡೀ ತಣ್ಣಗಾಗುತ್ತಲೇ ಹೋಗುತ್ತದೆ. ಶಾಖ 10 ಡಿಗ್ರಿ ಇಳಿದರೆ ಬ್ಯಾಕ್ಟೀರಿಯಾಗಳ ಕೆಲಸ ಅರ್ಧಕ್ಕೋ ಅದಕ್ಕಿಂತ ಕೆಳಕ್ಕೋ ಇಳಿಯುತ್ತದೆ ಎಂದು ಅಂದಾಜಿಟ್ಟುಕೊಳ್ಳಿ. 30 ಡಿಗ್ರಿಯಲ್ಲಿ 8 ಗಂಟೆಗೆ ಉಬ್ಬುವ ಹಿಟ್ಟಿಗೆ 20 ಡಿಗ್ರಿಯಲ್ಲಿ 16ರಿಂದ 20 ಗಂಟೆ ಬೇಕು. ನೀವು ರಾತ್ರಿ ಒಂಬತ್ತಕ್ಕೆ ಇಟ್ಟು ಬೆಳಿಗ್ಗೆ ಆರಕ್ಕೆ ಮುಚ್ಚಳ ತೆಗೆದರೆ ಕೆಲಸ ಹೆಚ್ಚುಕಡಿಮೆ ಅರ್ಧವಷ್ಟೇ ಆಗಿರುತ್ತದೆ. ಹಿಟ್ಟು ಕೆಟ್ಟಿಲ್ಲ, ಇನ್ನೂ ಆಗುತ್ತಿದೆ.

ಅದರ ಮೇಲೆ ನಿಮ್ಮ ಐಸ್ ನೀರು. ಮಿಕ್ಸಿಯ ಬಿಸಿಗೆ ಹಿಟ್ಟು ಕೆಡುತ್ತದೆ ಎಂಬ ಮಾತು ಸುಳ್ಳಲ್ಲ, ಆದರೆ ಅದು ಬೇಸಿಗೆಯ ಮಾತು. ಜಾರಿನಲ್ಲಿ ಹಿಟ್ಟು ಬೆರಳಿಗೆ ಬಿಸಿ ತಾಗುವಷ್ಟಾದರೆ, ಅಂದರೆ 45 ಡಿಗ್ರಿಯ ಸುತ್ತಮುತ್ತ ಹೋದರೆ, ಹುದುಗು ಬರಿಸುವ ಜೀವಿಗಳೂ ಸೊರಗುತ್ತವೆ, ಉದ್ದಿನ ನೊರೆಯೂ ಸರಿಯಾಗಿ ಕಟ್ಟುವುದಿಲ್ಲ. ಉಗುರುಬೆಚ್ಚಗಾದರೆ ಏನೂ ತೊಂದರೆಯಿಲ್ಲ, ಚಳಿಗಾಲದಲ್ಲಿ ಅದೇ ಬೇಕು. ನೀವು ಹಿಟ್ಟನ್ನು ಐಸ್ ನೀರಿನಲ್ಲಿ ತಣ್ಣಗೆ ಮಾಡಿ, ಆಮೇಲೆ ಕಂಬಳಿ ಸುತ್ತಿದ್ದೀರಿ. ಕಂಬಳಿ ತಾನಾಗಿ ಶಾಖ ಹುಟ್ಟಿಸುವುದಿಲ್ಲ. ಒಳಗೆ ಇದ್ದದ್ದನ್ನು ಇದ್ದಂತೆ ಕಾಯುತ್ತದೆ, ಅಷ್ಟೆ. ಬೆಚ್ಚನೆಯ ಹಿಟ್ಟಿಗೆ ಸುತ್ತಿದರೆ ಬಿಸುಪು ಉಳಿಯುತ್ತದೆ, ತಣ್ಣನೆಯ ಹಿಟ್ಟಿಗೆ ಸುತ್ತಿದರೆ ಬೆಳಗಿನವರೆಗೆ ತಂಪೇ ಉಳಿಯುತ್ತದೆ. ನನಗೆ ಬರುವ ಚಳಿಗಾಲದ ದೂರುಗಳಲ್ಲಿ ಹೆಚ್ಚಿನವು ಇಲ್ಲಿಗೇ ಬಂದು ನಿಲ್ಲುತ್ತವೆ: ಹಿಟ್ಟನ್ನು ಇಡುವ ಹೊತ್ತಿಗೆ ಅದು ಎಷ್ಟು ಬೆಚ್ಚಗಿತ್ತು ಎಂದು ಯಾರೂ ಮುಟ್ಟಿ ನೋಡಿರುವುದಿಲ್ಲ.

ಉಪ್ಪಿನ ವಿಷಯ ಬೇಗ ಮುಗಿಸುತ್ತೇನೆ. ನಮ್ಮ ಅಯೋಡಿನ್ ಉಪ್ಪಿನಲ್ಲಿ ಅಯೋಡಿನ್ ಇರುವುದು ಒಂದು ಕಿಲೋಗೆ 15ರಿಂದ 30 ಮಿಲಿಗ್ರಾಂ. ಹಿಟ್ಟಿಗೆ ನೀವು ಹಾಕುವುದು ಒಂದೆರಡು ಚಮಚ ಉಪ್ಪು. ಅದರಲ್ಲಿ ಸಿಗುವ ಅಯೋಡಿನ್ನಿಗೆ ಇಡೀ ಪಾತ್ರೆಯ ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ತಾಕತ್ತಿಲ್ಲ. ಕಲ್ಲುಪ್ಪು ರುಚಿಗೆ ಇಷ್ಟವಾದರೆ ಬಳಸಿ, ಉಬ್ಬಲಿ ಎಂಬ ಆಸೆಯಿಂದ ಬೇಡ. ಅಯೋಡಿನ್ ಬಿಟ್ಟರೆ ಥೈರಾಯ್ಡಿಗೆ ಆಗುವ ನಷ್ಟ ನಿಜವಾದದ್ದು. ಆದರೆ ಉಪ್ಪಿನ ಪ್ರಮಾಣ ಮುಖ್ಯ, ಯಾವ ಉಪ್ಪೇ ಆಗಲಿ ಜಾಸ್ತಿಯಾದರೆ ಹುದುಗು ನಿಧಾನವಾಗುತ್ತದೆ. ಚಳಿಯಲ್ಲಿ ಅರ್ಧ ಉಪ್ಪನ್ನು ರಾತ್ರಿ, ಉಳಿದದ್ದನ್ನು ಬೇಯಿಸುವ ಮುಂಚೆ ಹಾಕುವ ರೂಢಿ ಒಳ್ಳೆಯದೇ. ಪೂರ್ತಿ ಬಿಡುವುದು ಬೇಡ. ಸ್ವಲ್ಪ ಉಪ್ಪಿದ್ದರೆ ಬೇಡದ ಬ್ಯಾಕ್ಟೀರಿಯಾಗಳು ಹಿಂದೆ ಬೀಳುತ್ತವೆ, ನಮಗೆ ಬೇಕಾದ ಲ್ಯುಕೊನಾಸ್ಟಾಕ್ ಅಷ್ಟು ಉಪ್ಪನ್ನು ತಡೆದುಕೊಳ್ಳುತ್ತದೆ.

ಕೈಗುಣದ ಮಾತಿಗೆ ಬರೋಣ. ಕೈಯಲ್ಲಿ ಕಲಸಿದರೆ ಹಿಟ್ಟು ಚೆನ್ನಾಗಿ ಉಬ್ಬುತ್ತದೆ ಎಂದು ಹಿರಿಯರು ಹೇಳುವುದರಲ್ಲಿ ಹುರುಳಿಲ್ಲದಿಲ್ಲ. ಕೈಯ ಬಿಸಿ ಹಿಟ್ಟಿಗೆ ತಾಗುತ್ತದೆ, ಉದ್ದು–ರವೆ ತಳದವರೆಗೆ ಸಮನಾಗಿ ಬೆರೆಯುತ್ತದೆ, ಹಿಟ್ಟಿನ ಹದ ಬೆರಳಿಗೆ ತಿಳಿಯುತ್ತದೆ. ಕೈಯಲ್ಲಿರುವ ಸೂಕ್ಷ್ಮಜೀವಿ ಸೇರದಿದ್ದರೆ ಹುಳಿಯೇ ಬರುವುದಿಲ್ಲ ಎನ್ನುವುದು ಮಾತ್ರ ಸರಿಯಲ್ಲ. ದೊಡ್ಡ ಹೋಟೆಲುಗಳಲ್ಲಿ ಟಿಲ್ಟಿಂಗ್ ಗ್ರೈಂಡರಿನಿಂದ ನೇರ ಡ್ರಮ್ಮಿಗೆ ಇಳಿದ, ಯಾರ ಕೈಯೂ ಸೋಕದ ಹಿಟ್ಟು ದಿನವೂ ಉಬ್ಬುತ್ತದೆ. ನಿಮ್ಮ ಅತ್ತೆಯವರ ಕೈಗುಣದಲ್ಲಿ ಅರ್ಧ ಪಾಲು ಬಹುಶಃ ಅವರು ಹಿಟ್ಟು ರುಬ್ಬುವ ಹೊತ್ತಿನದು. ಅವರು ಸಂಜೆಗೇ ರುಬ್ಬಿಡುತ್ತಿದ್ದರೇ ಎಂದು ಒಮ್ಮೆ ಕೇಳಿ ನೋಡಿ.

ಈಗ ಏನು ಮಾಡಬಹುದು?

ಖರ್ಚಿಲ್ಲದ, ಅಪಾಯವಿಲ್ಲದ ದಾರಿ ಹೊತ್ತು ಬದಲಿಸುವುದು. ಬೆಳಿಗ್ಗೆ ತಿಂಡಿ ಮುಗಿದ ಮೇಲೆ ಬೇಳೆ ನೆನೆಸಿ. ಮೂರು–ನಾಲ್ಕು ಗಂಟೆ ಸಾಕು, ಎಂಟು ಗಂಟೆ ನೆನೆದರೆ ಲೋಳೆ ನೀರಿಗಿಳಿದು ನೊರೆ ಕಡಿಮೆಯಾಗುತ್ತದೆ. ನೆನೆಸುವ ಮುಂಚೆ ಚೆನ್ನಾಗಿ ತೊಳೆಯಿರಿ, ನೆನೆದ ಮೇಲೆ ಮತ್ತೆ ಮತ್ತೆ ತೊಳೆಯಬೇಡಿ, ನೆನೆಸಿದ ನೀರಲ್ಲೇ ರುಬ್ಬಿ. ಮಧ್ಯಾಹ್ನ ಎರಡು–ಮೂರಕ್ಕೆ ರುಬ್ಬಿಟ್ಟರೆ ಹಿಟ್ಟಿಗೆ ಹಗಲಿನ ಬಿಸುಪೂ ಸಿಗುತ್ತದೆ, ಬೆಳಗಿನೊಳಗೆ 16 ಗಂಟೆಯೂ ಸಿಗುತ್ತದೆ. ಕೆಲಸಕ್ಕೆ ಹೋಗುವವರಿಗೆ ಇದು ಆಗದ ಮಾತು ಎಂದು ಬಲ್ಲೆ. ಅವರು ಭಾನುವಾರದ ಇಡ್ಲಿಗೆ ಶನಿವಾರ ಮಧ್ಯಾಹ್ನ ರುಬ್ಬಲಿ.

ಹೊತ್ತು ಬದಲಿಸಲಾಗದಿದ್ದರೆ ಹಿಟ್ಟನ್ನು ಬೆಚ್ಚಗೆ ಶುರುಮಾಡಿಸಬೇಕು. ಇಡ್ಲಿ ರವೆಯನ್ನು ಕೊನೆಯ ಸಲ ಬಿಸಿನೀರಿನಲ್ಲಿ, ಕೈ ತಡೆಯುವಷ್ಟು ಬಿಸಿಯಲ್ಲಿ, ತೊಳೆದು ಹಿಂಡಿ ಉದ್ದಿನ ಹಿಟ್ಟಿಗೆ ಸೇರಿಸಿ. ಕಲಸಿದ ಹಿಟ್ಟಿಗೆ ಬೆರಳಿಟ್ಟರೆ ತಣ್ಣಗೂ ಬಿಸಿಯೂ ಅನ್ನಿಸದೆ ಹಿತವಾಗಿರಬೇಕು. ಆಮೇಲೆ ದೊಡ್ಡ ಕುಕ್ಕರಿನಲ್ಲಿ ನಾಲ್ಕು ಬೆರಳು ಸ್ನಾನದ ಹದದ ಬಿಸಿನೀರು ಹಾಕಿ, ಹಿಟ್ಟಿನ ಪಾತ್ರೆಯನ್ನು ಅದರೊಳಗಿಟ್ಟು, ವೆಯ್ಟ್ ಹಾಕದೆ ಮುಚ್ಚಿ, ಕುಕ್ಕರಿಗೆ ಕಂಬಳಿ ಸುತ್ತಿ. ಈಗ ಕಂಬಳಿಗೆ ಕೆಲಸವಿದೆ. ಮಲಗುವ ಮುಂಚೆ ನೀರು ತಣಿದಿದ್ದರೆ ಒಮ್ಮೆ ಬದಲಿಸಿ. ಓವನ್ ಇದ್ದವರು ಓವನ್ ಹಾಕದೆ ಒಳಗಿನ ದೀಪವನ್ನಷ್ಟೇ ಉರಿಸಿ ಅದರಲ್ಲಿಡಬಹುದು. ಹಳೆಯ ಬಲ್ಬು ಇದ್ದರೆ ಮಾತ್ರ ಇದು ನಡೆಯುತ್ತದೆ, ಎಲ್‌ಇಡಿ ದೀಪಕ್ಕೆ ಬಿಸಿ ಸಾಲದು. ಕೆಲವರು ಇನ್ವರ್ಟರ್ ಮೇಲೆ, ಸೆಟ್‌ಟಾಪ್ ಬಾಕ್ಸ್ ಮೇಲೆ ಇಡುತ್ತಾರೆ. ಬೆಚ್ಚಗಿರುತ್ತದೆ ನಿಜ, ಆದರೆ ಹಿಟ್ಟು ಉಕ್ಕಿ ಒಳಗಿಳಿದರೆ ಇಡ್ಲಿಗಿಂತ ದುಬಾರಿಯಾದದ್ದು ಹೋಗುತ್ತದೆ. ವಿದ್ಯುತ್ ಉಪಕರಣದ ಮೇಲೆ ಬೇಡ.

ಎಲ್ಲಿಟ್ಟರೂ ಪಾತ್ರೆ ಅರ್ಧಕ್ಕಿಂತ ಹೆಚ್ಚು ತುಂಬಬೇಡಿ, ಮುಚ್ಚಳ ಬಿಗಿ ಮಾಡಬೇಡಿ. ಹುದುಗಲು ಗಾಳಿ ಬೇಕೆಂದಲ್ಲ, ಒಳಗಿನ ಅನಿಲಕ್ಕೆ ಹೊರಹೋಗುವ ದಾರಿ ಬೇಕು. ಬಿಗಿಯಾಗಿ ತಿರುಗಿಸಿ ಮುಚ್ಚಿದ ಗಾಜಿನ ಭರಣಿ ಒಡೆಯಲೂಬಹುದು.

ಮೊಸರು ಹಾಕಿದರೆ ಬೇಗ ಆಗುತ್ತದಲ್ಲವೇ ಎಂದು ಬಹಳ ಮಂದಿ ಕೇಳುತ್ತಾರೆ. ಹುಳಿ ಬೇಗ ಬರುತ್ತದೆ, ಉಬ್ಬು ಬರುವುದಿಲ್ಲ. ಮೊಸರಿನ ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚಿನವು ಆಮ್ಲ ಮಾಡುತ್ತವೆಯೇ ಹೊರತು ಅನಿಲ ಬಿಡುವುದಿಲ್ಲ. ಮೂಗಿಗೆ ಹುಳಿ ವಾಸನೆ ಬಂದು ಹಿಟ್ಟು ಚಪ್ಪಟೆಯಾಗೇ ಇದ್ದರೆ ಇದೇ ಕಾರಣ. ಹಳೆಯ ಹಿಟ್ಟು ಸೇರಿಸುವುದಾದರೆ ನಿನ್ನೆಯಷ್ಟೇ ಚೆನ್ನಾಗಿ ಉಬ್ಬಿದ ಹಿಟ್ಟಿನಿಂದ ಎರಡು ಚಮಚ ತೆಗೆದಿಟ್ಟು ಬೆರೆಸಿ, ಅದು ನಿಜಕ್ಕೂ ನೆರವಾಗುತ್ತದೆ. ನಾಲ್ಕು ದಿನದ ಹಳಸಲು ಹಿಟ್ಟಿನಲ್ಲಿ ಅನಿಲ ಬಿಡುವವು ಸೋತು ಬರೀ ಹುಳಿಯವು ಉಳಿದಿರುತ್ತವೆ. ಯೀಸ್ಟ್ ಹಾಕಿದರೆ ಉಬ್ಬುತ್ತದೆ, ಬ್ರೆಡ್ಡಿನ ವಾಸನೆಯೂ ಬರುತ್ತದೆ. ನಾನಂತೂ ಹಾಕುವುದಿಲ್ಲ.

ಈಗ ಸೋಡಾ. ಅಡುಗೆ ಸೋಡಾ ಕ್ಷಾರ. ಹುಳಿ ಬಂದ ಹಿಟ್ಟಿಗೆ ಚಿಟಿಕೆ ಹಾಕಿದರೆ ಅಲ್ಲಿನ ಆಮ್ಲದೊಂದಿಗೆ ಸೇರಿ ಅನಿಲ ಬಿಟ್ಟು ಮುಗಿಯುತ್ತದೆ. ನಿಮ್ಮ ಹಿಟ್ಟಿನಲ್ಲಿ ಹುಳಿಯೇ ಬಂದಿರಲಿಲ್ಲ, ಹಾಕಿದ್ದು ಒಂದು ಚಮಚ. ತಗ್ಗಿಸುವ ಆಮ್ಲ ಸಿಗದೆ ಉಳಿದ ಕ್ಷಾರವೇ ಆ ಹಳದಿ ಬಣ್ಣ, ಆ ಸೋಪಿನ ರುಚಿ. ಧಾನ್ಯ–ಬೇಳೆಯಲ್ಲಿರುವ ಥಯಾಮಿನ್, ಅಂದರೆ ಬಿ1 ವಿಟಮಿನ್, ಕ್ಷಾರದಲ್ಲಿ ಬೆಂದರೆ ಹಾಳಾಗುತ್ತದೆ ಎನ್ನುವುದೂ ನಿಜ.

ಮಾವನವರ ಬಿಪಿಗೆ ಲೆಕ್ಕ ಹಾಕಿ ನೋಡೋಣ. ಸಮಮಟ್ಟದ ಒಂದು ಟೀ ಚಮಚ ಸೋಡಾ ಸುಮಾರು 5 ಗ್ರಾಂ, ಅದರಲ್ಲಿ ಸೋಡಿಯಂ ಹೆಚ್ಚುಕಡಿಮೆ 1,300 ಮಿಲಿಗ್ರಾಂ. 20 ಇಡ್ಲಿಯ ಹಿಟ್ಟಿಗೆ ಹಾಕಿದರೆ ಒಂದು ಇಡ್ಲಿಗೆ 65, ನಾಲ್ಕು ಇಡ್ಲಿಗೆ 260 ಮಿಲಿಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ ದಿನಕ್ಕೆ 2,000 ಮಿಲಿಗ್ರಾಂ ಸೋಡಿಯಂಗಿಂತ ಕಡಿಮೆ. ತಿಂಡಿಯ ಸೋಡಾದಲ್ಲೇ ಅದರ ಎಂಟನೇ ಒಂದು ಭಾಗ ಹೋದರೆ ಅದು ಸಣ್ಣದಲ್ಲ. ಕಾಲು ಚಮಚಕ್ಕೆ ಇಳಿಸಿದರೆ ನಾಲ್ಕು ಇಡ್ಲಿಗೆ 65 ಮಿಲಿಗ್ರಾಂ, ಅದಕ್ಕೆ ಹೆದರಬೇಕಿಲ್ಲ. ಅದೇ 20 ಇಡ್ಲಿಗೆ ಒಂದು ಚಮಚ ಉಪ್ಪು ಹಾಕಿದ್ದರೆ ಆ ನಾಲ್ಕು ಇಡ್ಲಿಯಲ್ಲಿ ಉಪ್ಪಿನಿಂದಲೇ 400 ಮಿಲಿಗ್ರಾಂ ಬಂದಿರುತ್ತದೆ, ಸಾಂಬಾರು–ಚಟ್ನಿಯದು ಬೇರೆ. ಸೋಡಾಕ್ಕೆ ಹೆದರಿ, ಪಕ್ಕದ ಸಾಂಬಾರಿಗೆ ಕೈಬಿಚ್ಚಿ ಉಪ್ಪು ಹಾಕುವ ಮನೆಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಮಾವನವರಿಗೆ ಇಡ್ಲಿ ಹಿಟ್ಟು, ಚಟ್ನಿ ಎರಡರಲ್ಲೂ ಉಪ್ಪು ಇಳಿಸಿದರೆ ಹೆಚ್ಚು ಪ್ರಯೋಜನ. ಡಾಕ್ಟರು ಉಪ್ಪು ಕಟ್ಟುನಿಟ್ಟಾಗಿ ಬಿಡಿಸಿದ್ದರೆ, ಅಥವಾ ಕಿಡ್ನಿಯ ತೊಂದರೆಯೂ ಇದ್ದರೆ, ಸೋಡಾ, ಈನೋ ಎರಡೂ ಬೇಡ. ಈನೋದಲ್ಲೂ ಸೋಡಿಯಂ ಇದೆ.

ಉಳಿದವರಿಗೆ ಅಪರೂಪಕ್ಕೊಮ್ಮೆ ಸೋಡಾ ಹಾಕಲೇಬೇಕಾದರೆ ಕಾಲು ಚಮಚ ಮೀರದಂತೆ, ಎರಡು ಚಮಚ ಹುಳಿ ಮೊಸರಿನೊಂದಿಗೆ, ತಟ್ಟೆಗೆ ಹಾಕುವ ಕೊನೆಯ ಗಳಿಗೆಯಲ್ಲಿ ಬೆರೆಸಿ. ಬೆರೆಸಿ ಕಾದರೆ ಅನಿಲ ಹಾರಿಹೋಗುತ್ತದೆ. ಎಂಟಿಆರ್‌ನವರು ಎರಡನೇ ಮಹಾಯುದ್ಧದ ಅಕ್ಕಿ ಕೊರತೆಯಲ್ಲಿ ತಾವು ಶುರುಮಾಡಿದೆವು ಎನ್ನುವ ರವೆ ಇಡ್ಲಿ ಇದೇ ತತ್ವದ ಮೇಲೆ ನಿಂತದ್ದು: ಮೊಸರಿನ ಆಮ್ಲ, ಸೋಡಾದ ಕ್ಷಾರ, ಹುದುಗಿಗೆ ಕಾಯುವುದೇ ಇಲ್ಲ. ಹಾಗಾಗಿ ಬೆಳಿಗ್ಗೆ ಹಿಟ್ಟು ಉಬ್ಬಿಲ್ಲವೆಂದು ಕಂಡರೆ ಅದಕ್ಕೆ ಸೋಡಾ ಸುರಿಯುವ ಬದಲು ಪಾತ್ರೆಯನ್ನು ಹಾಗೇ ಬೆಚ್ಚಗೆ ಬಿಟ್ಟು ಆ ದಿನ ಬೇರೆ ತಿಂಡಿ ಮಾಡಿ. ಸಂಜೆಗೆ ಹಿಟ್ಟು ಉಬ್ಬಿರುತ್ತದೆ, ರಾತ್ರಿ ಊಟಕ್ಕೇ ಇಡ್ಲಿಯಾಗಲಿ. ನೀವು ಕರಾವಳಿಯವರು, ಹುದುಗಿನ ಹಂಗೇ ಇಲ್ಲದ ನೀರುದೋಸೆ ನಿಮ್ಮ ಕೈಯಲ್ಲಿದೆ. ಚಳಿಗಾಲದ ವಾರದ ದಿನಗಳಿಗೆ ಅದನ್ನೇ ಇಟ್ಟುಕೊಂಡು ಇಡ್ಲಿಯನ್ನು ವಾರಾಂತ್ಯಕ್ಕೆ ಹಾಕಿಕೊಂಡರೂ ನಷ್ಟವಿಲ್ಲ.

ಇನ್ನು ಬೇಸಿಗೆಯ ಗಟ್ಟಿ ಇಡ್ಲಿ. ಹಿಟ್ಟು ಉಬ್ಬಿದ್ದರೂ ಇಡ್ಲಿ ಗಟ್ಟಿಯಾದರೆ ನಾನು ಮೊದಲು ಕೇಳುವುದು ಬೇಳೆ ಎಷ್ಟು ಹಳೆಯದು ಎಂದು. ಡಬ್ಬಿಯ ತಳದಲ್ಲಿ ವರ್ಷಗಟ್ಟಲೆ ಉಳಿದ ಉದ್ದು ರುಬ್ಬಿದರೆ ಹಿಟ್ಟು ಹಿಗ್ಗುವುದಿಲ್ಲ. ಬೇಳೆಗಿಂತ ಸಿಪ್ಪೆ ತೆಗೆದ ಇಡೀ ಗುಂಡು ಉದ್ದು ತನ್ನಿ, ಸ್ವಲ್ಪ ಸ್ವಲ್ಪವೇ ತನ್ನಿ. ರುಬ್ಬುವುದು ಸಾಕಾಯಿತೇ ಎಂದು ತಿಳಿಯಲು ಒಂದು ಬಟ್ಟಲು ನೀರಿಗೆ ಉದ್ದಿನ ಹಿಟ್ಟಿನ ಒಂದು ಹನಿ ಬಿಡಿ. ತೇಲಿದರೆ ಸರಿ, ಮುಳುಗಿದರೆ ಇನ್ನೂ ರುಬ್ಬಬೇಕು. ಗ್ರೈಂಡರಿನಲ್ಲಿ ಇದಕ್ಕೆ ಅರ್ಧ ಗಂಟೆ ಹಿಡಿಯುತ್ತದೆ, ನೀರನ್ನು ಚಿಮುಕಿಸುತ್ತಾ ಹೋಗಬೇಕು. ಮಿಕ್ಸಿಯಲ್ಲಾದರೆ ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ಏಪ್ರಿಲ್‌ನಲ್ಲಿ ನಿಮ್ಮ ಐಸ್ ನೀರು ಇಲ್ಲಿ ಬೇಕು.

ಎರಡನೆಯದು, ಉಬ್ಬಿ ಇಳಿದ ಹಿಟ್ಟು. ಬೇಸಿಗೆಯಲ್ಲಿ ಹಿಟ್ಟು ನಡುರಾತ್ರಿ ಎರಡಕ್ಕೇ ತುದಿ ಮುಟ್ಟಿ ಬೆಳಗಿನ ಹೊತ್ತಿಗೆ ಕುಸಿದಿರಬಹುದು. ಪಾತ್ರೆಯ ಒಳಬದಿಯಲ್ಲಿ ಹಿಟ್ಟು ಏರಿದ ಗೆರೆ ಮೇಲಿದ್ದು ಹಿಟ್ಟು ಕೆಳಗಿದ್ದರೆ ಗುರುತು ಸಿಕ್ಕಿತು. ಅದು ದೋಸೆಗೆ ಒಳ್ಳೆಯದು, ಇಡ್ಲಿಗಲ್ಲ. ಆ ದಿನಗಳಲ್ಲಿ ತಡವಾಗಿ ರುಬ್ಬಿ, ಇಲ್ಲವೇ ಉಬ್ಬುತ್ತಿದ್ದಂತೆ ಫ್ರಿಜ್ಜಿಗೆ ಸೇರಿಸಿ. ಮೂರನೆಯದು, ಉಬ್ಬಿದ ಹಿಟ್ಟನ್ನು ಸೌಟಿನಿಂದ ಗರಗರ ತಿರುಗಿಸುವುದು. ರಾತ್ರಿಯೆಲ್ಲ ಕೂಡಿದ ಅನಿಲ ಒಂದೇ ನಿಮಿಷದಲ್ಲಿ ಹೊರಗೆ ಹೋಗುತ್ತದೆ. ಬದಿಯಿಂದ ಮೆಲ್ಲಗೆ ಎತ್ತಿ ತಟ್ಟೆಗೆ ಹಾಕಿ.

ಬೇಯಿಸುವುದರಲ್ಲೂ ಎಡವುತ್ತಾರೆ. ಇಡ್ಲಿ ಪಾತ್ರೆಯ ನೀರು ಕುದಿದು ಹಬೆ ಬಂದ ಮೇಲೆಯೇ ತಟ್ಟೆ ಇಡಬೇಕು. ತಣ್ಣೀರಿನ ಮೇಲಿಟ್ಟು ಒಲೆ ಹಚ್ಚಿದರೆ ಹಿಟ್ಟು ಬೇಯುವ ಮುಂಚೆ ಕುಸಿಯುತ್ತದೆ. ಸಾಧಾರಣ ಇಡ್ಲಿಗೆ 10ರಿಂದ 12 ನಿಮಿಷ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ನೀರು ಕುದಿಯುವುದು 97 ಡಿಗ್ರಿಗೆ, ಊರಿಗಿಂತ ಒಂದು ನಿಮಿಷ ಹೆಚ್ಚು ಹಿಡಿದರೆ ಆಶ್ಚರ್ಯವಿಲ್ಲ. ಆದರೆ 20 ನಿಮಿಷ ಬಿಟ್ಟರೆ ಎಂಥ ಹಿಟ್ಟಾದರೂ ರಬ್ಬರಾಗುತ್ತದೆ. ಇಳಿಸಿ ಎರಡು ನಿಮಿಷ ಬಿಟ್ಟು, ಒದ್ದೆ ಚಮಚದಿಂದ ಬಿಡಿಸಿ. ಹೋಟೆಲ್ ಇಡ್ಲಿಯ ಮೆದುವಿಗೆ ಹೋಲಿಸಿ ಬೇಜಾರಾಗುವುದು ಬೇಡ, ಅಲ್ಲಿ ಅವಲಕ್ಕಿಯೋ ಅನ್ನವೋ ಸಬ್ಬಕ್ಕಿಯೋ ಸೇರಿರುತ್ತದೆ, ಹಬೆಯಿಂದ ಇಳಿಸಿದ್ದು ನೇರ ತಟ್ಟೆಗೆ ಬರುತ್ತದೆ. ನಿಮ್ಮ ಅಳತೆಗೆ ಒಂದು ಹಿಡಿ ತೆಳು ಅವಲಕ್ಕಿ ನೆನೆಸಿ ರುಬ್ಬಿ ಹಾಕಿದರೆ ಮನೆಯಲ್ಲೂ ಆ ಮೆದು ಹತ್ತಿರ ಬರುತ್ತದೆ.

ಉಳಿದ ಹಿಟ್ಟಿನ ಬಗ್ಗೆ: ಉಬ್ಬಿದ ತಕ್ಷಣ ಫ್ರಿಜ್ಜಿಗೆ ಸೇರಿದರೆ ಮೂರು–ನಾಲ್ಕು ದಿನ ನೆಮ್ಮದಿಯಾಗಿ ಬಳಸಬಹುದು. ಫ್ರಿಜ್ಜಿನಲ್ಲೂ ಹುಳಿ ನಿಧಾನಕ್ಕೆ ಏರುತ್ತಲೇ ಇರುತ್ತದೆ, ಅದಕ್ಕೇ ಮೊದಲ ದಿನ ಇಡ್ಲಿ, ಆಮೇಲೆ ದೋಸೆ, ಕೊನೆಗೆ ಈರುಳ್ಳಿ–ಹಸಿಮೆಣಸಿನಕಾಯಿ ಹಾಕಿದ ಪಡ್ಡು ಎಂಬ ಕ್ರಮ ಎಲ್ಲ ಮನೆಗಳಲ್ಲೂ ಇದೆ. ಇಡೀ ಪಾತ್ರೆಯನ್ನು ಹೊರಗೆ ತೆಗೆದು ಒಳಗಿಡುವುದನ್ನು ಬಿಡಿ, ಆ ದಿನಕ್ಕೆ ಬೇಕಾದಷ್ಟನ್ನೇ ಒಣ ಸೌಟಿನಲ್ಲಿ ತೆಗೆಯಿರಿ. ಹುಳಿ ಜಾಸ್ತಿಯಾದದ್ದು ಕೆಟ್ಟದ್ದಲ್ಲ. ಆಮ್ಲವಿರುವವರೆಗೆ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾಗಳಿಗೆ ಅಲ್ಲಿ ಬೆಳೆಯುವುದು ಕಷ್ಟ. ಆದರೆ ಹುಳಿ ವಾಸನೆ ಹೋಗಿ ಕೊಳೆತ ವಾಸನೆ ಬಂದರೆ, ಎಳೆ ಎಳೆಯಾಗಿ ಲೋಳೆ ಕಟ್ಟಿದರೆ, ಮೇಲೆ ಗುಲಾಬಿ, ಹಸಿರು, ಕಪ್ಪು ಚುಕ್ಕೆ ಕಂಡರೆ ಮೇಲಿನ ಪದರ ತೆಗೆದು ಉಳಿದದ್ದನ್ನು ಬಳಸುವ ಉಳಿತಾಯ ಬೇಡ. ಬೂಷ್ಟಿನ ಬೇರು ಕಣ್ಣಿಗೆ ಕಾಣುವುದಕ್ಕಿಂತ ಆಳದಲ್ಲಿರುತ್ತದೆ, ಅದರ ವಿಷ ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ. ಪಾತ್ರೆ ಸಮೇತ ಸಿಂಕಿಗೆ ಒಯ್ದು, ಬಿಸಿನೀರು–ಸೋಪಿನಲ್ಲಿ ಉಜ್ಜಿ ಒಣಗಿಸಿದ ಮೇಲೆಯೇ ಮುಂದಿನ ಹಿಟ್ಟು ಹಾಕಿ.